ನೂಕಾಸ್ ಮಾವನಿಗೆ ನೆಟ್ಟ ಕೋಲುಗಳು

ಊಮನ್ ದ್ವೀಪ
೯ ಅಕ್ಟೋಬರ್ ೧೯೯೩

ತಮ್ಮ ಆನ್ಸಿತೊ,

ಕ್ಷೇಮವನ್ನು ಆಮೇಲೆ ಕೇಳುತ್ತೇನೆ. ಮೊದಲು ಬೈಯುವುದಿದೆ.

ನಿನ್ನೆ ನೀನು ದೋಣಿಮನೆಯಲ್ಲಿ ಆ ಜಪಾನಿನವರ ಜೊತೆ ಎಳನೀರು ಕುಡಿಯುತ್ತ ಕೂತಿದ್ದಾಗ ನಾನು ಸೊಂಟ ಬಗ್ಗಿಸಿ, ಮುಖವನ್ನು ನೆಲಕ್ಕೆ ಹಾಕಿ ನಿನ್ನೆದುರು ಹಾದುಹೋದೆ. ಒಡಹುಟ್ಟಿದ ಗಂಡಸಿನೆದುರು ಹೆಂಗಸು ನೆಟ್ಟಗೆ ನಿಲ್ಲಬಾರದು, ದನಿ ಎತ್ತಬಾರದು. ಅಮ್ಮ ಕಲಿಸಿದ್ದನ್ನು ನಾನು ಮರೆತಿಲ್ಲ. ಆದರೆ ಕಾಗದಕ್ಕೆ ಸೊಂಟವಿಲ್ಲ, ಅದು ಯಾರೆದುರೂ ಬಗ್ಗಬೇಕಾಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನೀನಿರುವ ವೆನೊ ದ್ವೀಪದ ಮಾರುಕಟ್ಟೆಗೆ ಹೊರಟ ದೋಣಿಯಲ್ಲಿ ಬಾಳೆಗೊನೆಗಳ ನಡುವೆ ಇದು ನಿನಗೆ ಬಂದು ಸೇರುತ್ತದೆ.

ಯಾರನ್ನು ಕೇಳಿ ನಮ್ಮ ಹವಳದಿಬ್ಬದ ಮೇಲೆ ಲಂಗರು ಹಾಕಿದೆ? ಆ ದಿಬ್ಬ ಅಮ್ಮನದು, ಅಮ್ಮನ ಅಮ್ಮನದು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡವರೆಲ್ಲ ಬಂದು ಯುದ್ಧದಲ್ಲಿ ಅಲ್ಲಿ ಮುಳುಗಿದ ಜಪಾನಿನ ಹಿನಾಗಿ ಹಡಗನ್ನು ನೋಡಿ ಹೋಗಲಿ ಎಂದು ಇಷ್ಟು ವರ್ಷ ಸುಮ್ಮನಿದ್ದೆವು. ನಿನ್ನೆ ನೀನು ನೋಡುವವರನ್ನು ಕರೆತರಲಿಲ್ಲ. ಕಂಚಿನ ಫಲಕ ತಂದು ಹಡಗಿನ ಮೂತಿಗೆ ಜಡಿದು ಬಂದೆ. ಮೇಲೆ ದೋಣಿಯಲ್ಲಿ ಅವರು ಊದಿನಕಡ್ಡಿ ಹಚ್ಚಿ, ಸಾಕೆ ಹೆಂಡವನ್ನು ಸಮುದ್ರಕ್ಕೆ ಸುರಿದರು. ಅಮ್ಮ ದಡದಲ್ಲಿ ನಿಂತು ಎಲ್ಲವನ್ನೂ ನೋಡಿದಳು.

ಒಳಗೆ ಬಂದು ನನ್ನನ್ನು ಕೇಳಿದಳು: "ಆ ತಗಡಿನ ಮೇಲೆ ನೂಕಾಸ್ ಹೆಸರು ಐತಾ?"

ನಾನು ಏನು ಹೇಳಲಿ? ಮೂವತ್ತೆರಡು ಹೆಸರು ಅಂತ ನೀನೇ ಜಗಲಿಯಲ್ಲಿ ಜಂಬದಿಂದ ಹೇಳುತ್ತಿದ್ದೆ. ಮೂವತ್ತೆರಡೂ ಅವರ ನಾವಿಕರದೇ. ಬಾಂಬು ಬೀಳುವ ಹಿಂದಿನ ದಿನ ಜಪಾನಿನ ಸಿಪಾಯಿಗಳು ಇದೇ ದೋಣಿಮನೆಯಿಂದ ಬಂದೂಕು ತೋರಿಸಿ ಆ ಹಡಗಿನ ಅಕ್ಕಿಮೂಟೆ ಹೊರಲು ಎಳೆದುಕೊಂಡು ಹೋದ ನಮ್ಮ ಗಂಡಸರ ಹೆಸರು ಅದರಲ್ಲಿ ಒಂದೂ ಇಲ್ಲ. ನೂಕಾಸ್ ಅಮ್ಮನ ಸ್ವಂತ ಅಣ್ಣ. ನಿನಗೂ ನನಗೂ ಸೋದರಮಾವ. ಅವನ ತಲೆಯ ಮೇಲೆ ಬೇರೆಯವರ ಹೆಸರಿನ ಹಲಗೆ ಹೊಡೆದು ಬಂದಿದ್ದೀಯ. ಮನೆಗೆ ಮಾರಿ, ಊರಿಗೆ ಉಪಕಾರಿ ಅನ್ನುವುದು ನಿನ್ನಂಥವರಿಗೇ.

ನಿನ್ನ ಅಕ್ಕ,
ರುಫಿನಾ


ವೆನೊ
೨೦ ಅಕ್ಟೋಬರ್ ೧೯೯೩

ಅಕ್ಕಾ,

ಬಾಳೆಹಣ್ಣು ಸಿಹಿಯಾಗಿತ್ತು. ಕಾಗದ ಓದಿದ ಮೇಲೆ ಉಳಿದದ್ದನ್ನು ಪಕ್ಕಕ್ಕಿಟ್ಟೆ.

ನನಗೂ ಸಿಟ್ಟು ಬರುತ್ತದೆ, ಗೊತ್ತಿರಲಿ. ನೂಕಾಸ್ ಮಾವ ಯುದ್ಧದಲ್ಲಿ ಸತ್ತ ಅನ್ನುವುದಷ್ಟೇ ನನಗೆ ಗೊತ್ತಿದ್ದದ್ದು. ಅವನು ಹಿನಾಗಿಯ ಹೊಟ್ಟೆಯಲ್ಲಿದ್ದಾನೆ ಎಂದು ಯಾರು ಯಾವಾಗ ಹೇಳಿದಿರಿ? ಹೆಂಗಸರು ಅಡುಗೆಮನೆಯಲ್ಲಿ ಪಿಸುಗುಟ್ಟಿಕೊಂಡದ್ದು ಗಂಡುಮಕ್ಕಳ ಕಿವಿಗೆ ಬೀಳುತ್ತದೆಯೆ? ನಮ್ಮಲ್ಲಿ ನೆಲ ನಿಮ್ಮದು, ಮನೆ ನಿಮ್ಮದು, ಕಥೆಗಳೂ ನಿಮ್ಮವೇ. ಗಂಡಸು ಮದುವೆಯಾಗಿ ಹೆಂಡತಿಯ ಊರಿಗೆ ಹೋಗಿ ಬಾಲ ಮುದುರಿಕೊಂಡು ಇರಬೇಕು. ನನಗೆ ಅಂತ ಉಳಿದದ್ದು ನೀರಿನ ಕೆಳಗಿನದು ಮಾತ್ರ.

ಆ ಹಡಗಿನ ಒಳಗೆ ನಾನು ಎಷ್ಟು ಸಲ ಇಳಿದಿದ್ದೇನೆ ಎಂದು ನಿನಗೆ ಗೊತ್ತೆ? ಹೋದ ವರ್ಷ ಬಿಳಿಯರ ಪೈಕಿ ಒಬ್ಬ ಅಲ್ಲಿದ್ದ ತಲೆಬುರುಡೆಯೊಂದನ್ನು ತಟ್ಟೆಯ ಮೇಲಿಟ್ಟು ಪಕ್ಕದಲ್ಲಿ ಹೆಬ್ಬೆರಳು ಎತ್ತಿ ಫೋಟೊ ತೆಗೆಸಿಕೊಂಡ. ಮೇಲೆ ಬಂದ ಮೇಲೆ ಅವನ ಕೆನ್ನೆಗೆ ಬಾರಿಸಿದೆ. ನಾನು ಕೆಲಸ ಮಾಡುವ ಡೈವಿಂಗ್ ಅಂಗಡಿಯ ಒಡೆಯ ನನ್ನನ್ನು ಎರಡು ತಿಂಗಳು ದೋಣಿ ತೊಳೆಯಲು ಹಾಕಿದ. ಆ ಬುರುಡೆಯನ್ನು ನಾನೇ ಇಳಿದು ಮರಳಿನಲ್ಲಿ ಮತ್ತೆ ಮಲಗಿಸಿ ಬಂದೆ. ಅದು ಯಾರದೆಂದು ಆಗ ಕೇಳಲಿಲ್ಲ. ಈಗ ನಿನ್ನ ಕಾಗದ ಬಂದ ಮೇಲೆ ನಿದ್ದೆ ಇಲ್ಲ.

ಫಲಕ ತಂದ ಮೊರಿತಾ ಅನ್ನುವ ಮುದುಕನ ಅಣ್ಣ ಆ ಹಡಗಿನ ಇಂಜಿನ್ ಕೋಣೆಯಲ್ಲಿದ್ದನಂತೆ. ಅವನು ದೋಣಿಯಲ್ಲಿ ಅತ್ತದ್ದು ನಾಟಕವಲ್ಲ. ಫೆಬ್ರವರಿಗೆ ಐವತ್ತು ವರ್ಷ ತುಂಬುತ್ತದೆ. ದೊಡ್ಡ ಸಮಾರಂಭವಿದೆ. ಸರ್ಕಾರದವರು, ಪಾದ್ರಿ, ಜಪಾನಿನವರು ಎಲ್ಲ ಬರುತ್ತಾರೆ. ಎಲ್ಲಕ್ಕೂ ಮುಂದೆ ಹೋಗುವ ದೋಣಿ ನಡೆಸುವವನು ನಾನು. ನಮ್ಮವರ ಹೆಸರು ಕಳಿಸು, ಫಲಕಕ್ಕೆ ಸೇರಿಸಿ ಎಂದು ಕೇಳುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಧೂಳೆಬ್ಬಿಸಬೇಡ.

ಆನ್ಸಿತೊ


ಊಮನ್
೨ ನವೆಂಬರ್ ೧೯೯೩

ತಮ್ಮಾ,

ಇವತ್ತು ಸತ್ತವರ ಹಬ್ಬ. ಎಲ್ಲ ಗೋರಿಗಳಿಗೂ ಸುಣ್ಣ ಬಳಿದು ಹೂ ಹಾಕಿದೆವು. ಅಮ್ಮ ಪ್ರತಿವರ್ಷದ ಹಾಗೆ ಒಂದು ಹೂಮಾಲೆ ಉಳಿಸಿಕೊಂಡು ನೀರಿಗೆ ಇಳಿದಳು. ಸೊಂಟದ ಮಟ್ಟ ಹೋಗಿ ಅದನ್ನು ಬಿಟ್ಟು ಬಂದಳು. ನಾವು ಚಿಕ್ಕವರಿದ್ದಾಗ ಇದು ಸಮುದ್ರಕ್ಕೆ ಪೂಜೆ ಅಂದುಕೊಂಡಿದ್ದೆವು, ನೆನಪಿದೆಯೆ?

ನಾನು ಈ ಸಲ ಬಿಡಲಿಲ್ಲ. ಕೂರಿಸಿಕೊಂಡು ಕೇಳಿದೆ. ಅಮ್ಮ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ, ಓದು.

"ನಾಲ್ಕೈದು ದಿನದ ಕೆಲ್ಸ ಅಂದ್ರು. ಸಿಪಾಯಿಗಳು ನಮ್ಮೋರಿಗೆ ಅನ್ನ ಹಾಕ್ತಾರಾ? ಅದಕ್ಕೆ ನೂಕಾಸ್ ಅಣ್ಣ ಬುಟ್ಟೀಲಿ ದೀವಿಹಲಸು ತುಂಬ್ಕೊಂಡ. ಬೇಯ್ಸಿ ಕುಟ್ಟೋಕೆ ಮನೆಯ ಕುಟ್ಟುಗಲ್ಲನ್ನೂ ಎತ್ಕೊಂಡ. ನಮ್ಮವ್ವಂಗೆ ಸಿಟ್ಟು ಬಂತು. ಅದು ಅವ್ಳ ಅಜ್ಜಿ ಕಾಲದ ಹವಳದ ಕಲ್ಲು. 'ಲೋ, ಕಲ್ಲು ವಾಪಸ್ ತರ್ದೆ ಬಂದ್ಯೋ, ಮನೆಯೊಳಗೆ ಸೇರ್ಸಲ್ಲ ನೋಡು!' ಅಂದ್ಳು. ಅವ್ನು ನಕ್ಕೊಂಡು ಹೋದ. ಅದೇ ಕಡೇ ಮಾತು ಕಣೇ. ಮಾರನೇ ದಿನ ಬೆಳಗಾಗೋ ಹೊತ್ತಿಗೆ ಬಾಂಬಿನ ವಿಮಾನ ಬಂದ್ವು, ಹಡಗು ಮುಳುಗ್ತು."

ನಮ್ಮ ಮನೆಯಲ್ಲಿ ಯಾರಾದರೂ ಸತ್ತರೆ ಹವಳದಿಬ್ಬ ಮುಚ್ಚುತ್ತೇವಲ್ಲ. ಕೋಲು ನೆಟ್ಟು ತೆಂಗಿನ ಗರಿ ಕಟ್ಟಿದರೆ ಮುಗಿಯಿತು, ವರ್ಷದ ತನಕ ಯಾರೂ ಬಲೆ ಹಾಕುವ ಹಾಗಿಲ್ಲ, ದೋಣಿ ನಡೆಸುವ ಹಾಗಿಲ್ಲ. ಅಪ್ಪ ಸತ್ತಾಗ ಮುಚ್ಚಿದೆವು. ಚಿಕ್ಕಮ್ಮ ಸತ್ತಾಗ ಮುಚ್ಚಿದೆವು. ನೂಕಾಸ್ ಮಾವ ಸತ್ತಾಗ ಮುಚ್ಚಲಿಲ್ಲ. ಸೈನ್ಯ ಮರದ ಮೇಲಿನ ಕಾಯಿ ಬಿಟ್ಟಿರಲಿಲ್ಲ, ನೆಲದೊಳಗಿನ ಗೆಡ್ಡೆ ಬಿಟ್ಟಿರಲಿಲ್ಲ. ಅಜ್ಜಿ ಮೂರನೆಯ ದಿನ ಬಲೆ ಹಿಡಿದು ಅದೇ ದಿಬ್ಬಕ್ಕೆ, ಅದೇ ಹಡಗಿನ ಮಗ್ಗುಲಿಗೆ ಇಳಿದಳು.

"ಗಿಳಿಮೀನು ಸಿಕ್ಕಿದ್ವು. ದಪ್ಪದಪ್ಪ ಗಿಳಿಮೀನು. ಅವ್ವ ಸುಟ್ಟು ಕೊಟ್ಳು. ಅವ್ಳು ಮುಟ್ಲಿಲ್ಲ. ನಂಗೆ ಹನ್ನೆರಡು ವರ್ಷ, ಹಸಿವು. ತಿಂದೆ. ರುಚಿಯಾಗಿತ್ತು ಕಣೇ. ಅದೇ ನೋಡು. ರುಚಿಯಾಗಿತ್ತು."

ಅಮ್ಮ ಗಿಳಿಮೀನು ತಿನ್ನುವುದಿಲ್ಲ ಎಂದು ಅಪ್ಪ ಎಷ್ಟು ರೇಗಿಸುತ್ತಿದ್ದ! ನಾವೂ ನಗುತ್ತಿದ್ದೆವು. ನನ್ನ ಬಾಯಿಗೆ ಮಣ್ಣು ಬೀಳಲಿ.

ಕಾಗದದ ಹಿಂದುಗಡೆ ನಮ್ಮವರ ಹೆಸರುಗಳನ್ನು ಬರೆದಿದ್ದೇನೆ. ಅಮ್ಮ ಒಂದಕ್ಕೂ ತಡವರಿಸಲಿಲ್ಲ. ಹೋಗಿ ಕೇಳು.

ರುಫಿನಾ


ವೆನೊ
೫ ಡಿಸೆಂಬರ್ ೧೯೯೩

ಅಕ್ಕಾ,

ಕೇಳಿದೆ. ಸಮಾರಂಭದ ಉಸ್ತುವಾರಿ ನೋಡುವ ಸರ್ಕಾರಿ ಕಚೇರಿಯವನನ್ನೇ ಕೇಳಿದೆ. ಅವನೂ ನಮ್ಮವನೇ, ನಮ್ಮ ಭಾಷೆಯವನೇ.

"ಆ ಹಡಗಲ್ಲಿ ದ್ವೀಪದವ್ರು ಇದ್ರು ಅನ್ನೋಕೆ ದಾಖಲೆ ಎಲ್ಲಿದೆ?" ಅಂದ.

"ನಮ್ಮಮ್ಮ ಇದಾಳೆ" ಅಂದೆ.

ನಕ್ಕ. "ಅಮ್ಮಂದಿರನ್ನ ಕಂಚಲ್ಲಿ ಕೆತ್ತೋಕಾಗಲ್ಲ ಆನ್ಸಿತೊ. ಬಂದೋರ ಮನಸ್ಸು ಕೆಡಿಸ್ಬೇಡ, ದೋಣಿ ನೋಡ್ಕೊ."

ಕೈ ಮುಷ್ಟಿ ಕಟ್ಟಿತ್ತು. ಜೇಬಿನಲ್ಲಿಟ್ಟುಕೊಂಡು ಹೊರಗೆ ಬಂದೆ.

ಅಲ್ಲಿಂದ ನೇರವಾಗಿ ಹಿನಾಗಿಗೆ ಹೋದೆ. ಜೊತೆಗೆ ಯಾರೂ ಇರಲಿಲ್ಲ. ಒಬ್ಬನೇ ಇಳಿಯಬಾರದು ಎಂದು ಎಲ್ಲರಿಗೂ ಪಾಠ ಹೇಳುವವನು ನಾನು, ಅವತ್ತು ಒಬ್ಬನೇ ಇಳಿದೆ. ಹಡಗಿನ ಮುಂಭಾಗದ ಉಗ್ರಾಣದಲ್ಲಿ ಎಲ್ಲರೂ ಬಾಟಲಿ, ಪಿಂಗಾಣಿ ಬಟ್ಟಲು ನೋಡಿ ವಾಪಸಾಗುತ್ತಾರೆ. ಅದರ ಹಿಂದೆ ಗೋಡೆ ಬಾಗಿ ಒಂದು ಇಕ್ಕಟ್ಟಾದ ಜಾಗವಿದೆ. ನಾನೂ ಹೋಗಿರಲಿಲ್ಲ. ತಲೆ ತೂರಿಸಿದ ಕೂಡಲೇ ಹೂಳು ಎದ್ದು ಕಣ್ಣಿಗೆ ಏನೂ ಕಾಣದಾಯಿತು. ಅಲ್ಲಾಡದೆ ನಿಂತೆ. ನನ್ನ ಉಸಿರಿನ ಗುಳ್ಳೆಗಳು ಮೇಲಿನ ತಗಡಿಗೆ ಬಡಿಯುವ ಸದ್ದು ಬಿಟ್ಟರೆ ಏನಿಲ್ಲ. ಹೂಳು ಇಳಿದಾಗ ಟಾರ್ಚಿನ ಬೆಳಕು ಅದರ ಮೇಲೇ ಬಿತ್ತು.

ಕುಟ್ಟುಗಲ್ಲು, ಅಕ್ಕಾ. ಕೆಳಗೆ ಅಗಲ, ಮೇಲೆ ಹಿಡಿ. ನೀನು ದಿನಾ ಬೆಳಗ್ಗೆ ದೀವಿಹಲಸು ಕುಟ್ಟುವಂಥದ್ದೇ. ಯುದ್ಧದ ಹಡಗಿಗೆ ಜಪಾನಿನ ಯಾವ ನಾವಿಕ ಅದನ್ನು ತರುತ್ತಾನೆ? ಪಕ್ಕದಲ್ಲಿ ಇದ್ದದ್ದನ್ನು ಬರೆಯುವುದಿಲ್ಲ. ಮೂಳೆಗಳಿದ್ದವು ಅಂದರೆ ಸಾಕು. ಒಬ್ಬನದಲ್ಲ.

ಕಲ್ಲನ್ನು ಮುಟ್ಟಿದೆ. ಅಲ್ಲೇ ಬಿಟ್ಟೆ. ಮುಖವಾಡದೊಳಗೆ ಅಳುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು.

ಆನ್ಸಿತೊ


ಊಮನ್
೨೦ ಡಿಸೆಂಬರ್ ೧೯೯೩

ತಮ್ಮಾ,

ಅದನ್ನು ಮೇಲೆ ತಾ. ಅದು ನಮ್ಮ ಮನೆಯ ಕಲ್ಲು. ಆ ಕಚೇರಿಯವನ ಮೇಜಿನ ಮೇಲೆ ಕುಕ್ಕು, ದಾಖಲೆ ಕೇಳಿದನಲ್ಲ. ಆಮೇಲೆ ಅಮ್ಮನ ಮಡಿಲಲ್ಲಿಡು.

ಸಮಾರಂಭಕ್ಕೆ ದೋಣಿ ನಡೆಸುವುದಿಲ್ಲ ಅಂತ ಹೇಳಿಬಿಡು.

ರುಫಿನಾ


ವೆನೊ
೪ ಜನವರಿ ೧೯೯೪

ಅಕ್ಕಾ,

ಎರಡೂ ಆಗುವುದಿಲ್ಲ.

ಹಡಗಿನಿಂದ ಅಂಗಿಯ ಒಂದು ಗುಂಡಿಯನ್ನೂ ಮೇಲೆ ತರಬಾರದು ಎಂದು ಕಾನೂನಿದೆ. ಅದು ಇರುವುದು ಪುಸ್ತಕದಲ್ಲಲ್ಲ, ನನ್ನ ಕೈಯಲ್ಲಿ. ಬಟ್ಟಲು ಕದ್ದವರ, ಬೂಟಿನ ಅಟ್ಟೆ ಕದ್ದವರ ಕೈ ಹಿಡಿದು ಅಲ್ಲೇ ಬಿಡಿಸಿದ್ದೇನೆ. ಒಬ್ಬಳು ಹಲ್ಲು ಕದ್ದಿದ್ದಳು, ಹಲ್ಲು! ನಾಳೆ ನಾನೇ ಕಲ್ಲು ಹೊತ್ತುಕೊಂಡು ಬಂದರೆ ಯಾವ ಮುಖ ಇಟ್ಟುಕೊಂಡು ಇನ್ನೊಬ್ಬರ ಕೈ ಹಿಡಿಯಲಿ?

ಸಮಾರಂಭದ ದೋಣಿಯನ್ನೂ ನಾನೇ ನಡೆಸುತ್ತೇನೆ. ನಾನು ಬಿಟ್ಟರೆ ಇನ್ನೊಬ್ಬ ನಡೆಸುತ್ತಾನೆ, ಅವನು ಲಂಗರನ್ನು ಎಲ್ಲೆಂದರಲ್ಲಿ ಎಸೆಯುತ್ತಾನೆ. ಆ ಜಪಾನಿನವರೂ ಅಣ್ಣಂದಿರನ್ನು ಕಳೆದುಕೊಂಡವರು. ಆ ದಿನ ಮುಗಿಯಲಿ, ಮೊರಿತಾಗೆ ನಾನೇ ಮೆಲ್ಲಗೆ ಎಲ್ಲವನ್ನೂ ಹೇಳುತ್ತೇನೆ.

ಆನ್ಸಿತೊ


ಊಮನ್
೩೦ ಜನವರಿ ೧೯೯೪

ಆನ್ಸಿತೊ,

ಮೆಲ್ಲಗೆ ಹೇಳುತ್ತೀಯಾ? ಐವತ್ತು ವರ್ಷ ಎಲ್ಲರೂ ಮೆಲ್ಲಗೇ ಇದ್ದದ್ದು ಸಾಲದೆ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ನೀನು. ನಾನು ಕೋಲು ನೆಡುತ್ತೇನೆ.

ಕುಲದ ಹೆಂಗಸರೆಲ್ಲ ನಿನ್ನೆ ಸೇರಿದ್ದೆವು. ಅಮ್ಮ ಹಿರಿಯಳು, ಅವಳದೇ ಮಾತು. ಅವಳು ಒಂದೇ ಮಾತು ಹೇಳಿದಳು: "ನಮ್ಮಣ್ಣಂಗೆ ದಿಬ್ಬ ಮುಚ್ಚಿಲ್ಲ. ಈಗ ಮುಚ್ತೀನಿ." ನಿಮ್ಮ ಸಮಾರಂಭದ ದಿನವೇ, ಫೆಬ್ರವರಿ ಹದಿನೇಳರ ಬೆಳಗ್ಗೆಯಿಂದ ಒಂದು ವರ್ಷ.

ನಿನ್ನ ದೋಣಿ ಕೋಲು ದಾಟಿ ಹೇಗೆ ಬರುತ್ತದೆ, ನೋಡೋಣ.

ರುಫಿನಾ


ವೆನೊ
೧೨ ಫೆಬ್ರವರಿ ೧೯೯೪

ಅಕ್ಕಾ,

ನಿನಗೆ ತಲೆ ಕೆಟ್ಟಿದೆ. ಐವತ್ತು ವರ್ಷದ ಹಿಂದೆ ಸತ್ತವನಿಗೆ ಯಾರಾದರೂ ಈಗ ದಿಬ್ಬ ಮುಚ್ಚುತ್ತಾರೆಯೆ? ವೆನೊದಲ್ಲೆಲ್ಲ ನಗುತ್ತಿದ್ದಾರೆ. ಮುಚ್ಚಿದರೆ ನಿಮಗೂ ಮುಚ್ಚಿದಂತೆ, ನೆನಪಿರಲಿ. ಮೀನಿಲ್ಲ, ಅಷ್ಟಪಾದಿ ಇಲ್ಲ, ಒಂದು ಚಿಪ್ಪೂ ಇಲ್ಲ. ನಿನ್ನ ಮಕ್ಕಳಿಗೆ ವರ್ಷವಿಡೀ ಡಬ್ಬಿಯ ಮೀನು ತಿನ್ನಿಸುತ್ತೀಯಾ? ನನ್ನ ಮೇಲಿನ ಸಿಟ್ಟನ್ನು ಅವರ ಹೊಟ್ಟೆಯ ಮೇಲೆ ತೀರಿಸಬೇಡ.

ಇಪ್ಪತ್ತು ದೋಣಿಗಳನ್ನು ಹಿಂದಿಟ್ಟುಕೊಂಡು ನಾನು ಬರುತ್ತೇನೆ. ನನ್ನನ್ನು ಎಲ್ಲರೆದುರು ನಿಲ್ಲಿಸಬೇಡ.

ಆನ್ಸಿತೊ


ವೆನೊ
೨೧ ಫೆಬ್ರವರಿ ೧೯೯೪

ಅಕ್ಕಾ,

ನಿಲ್ಲಿಸಿದೆ. ಎಲ್ಲರೆದುರು ನನ್ನನ್ನು ನಿಲ್ಲಿಸಿ ನಿನಗೆ ತೃಪ್ತಿಯಾಯಿತೆ?

ದೂರದಿಂದ ಗರಿಗಳಷ್ಟೇ ಕಂಡವು, ಗಾಳಿಗೆ ಒಂದೇ ಕಡೆ ಬಾಗಿದ್ದವು. ಹತ್ತಿರ ಬಂದಾಗ ಕೋಲುಗಳ ನಡುವೆ ನೀವೆಲ್ಲ ಸೊಂಟದ ಮಟ್ಟ ನೀರಿನಲ್ಲಿ ನಿಂತಿದ್ದಿರಿ. ಮುಂದೆ ನೀನು. ನಾನು ದೋಣಿಯ ಮುಂಭಾಗದಲ್ಲಿ ನಿಂತಿದ್ದೆ, ನೀನು ನನ್ನ ಮುಖವನ್ನೇ ನೋಡಿದೆ. ಬಗ್ಗಲಿಲ್ಲ. ಹುಟ್ಟಿದಾಗಿನಿಂದ ನಿನ್ನ ಮುಖವನ್ನು ನಾನು ನೇರವಾಗಿ ನೋಡಿದ್ದು ಅವತ್ತೇ. ಅಮ್ಮನ ಮೂಗು ನಿನಗೆ ಬಂದಿದೆ.

ಇಂಜಿನ್ ನಿಲ್ಲಿಸಿದೆ. ಕಚೇರಿಯವನು ಹಿಂದಿನಿಂದ ಕೂಗಾಡಿದ.

"ಏನಯ್ಯಾ ನಿಲ್ಸಿದ್ದು? ನಾಲ್ಕು ಕಡ್ಡಿ ತಾನೆ, ನುಗ್ಸು!"

"ಕಡ್ಡಿ ಅಲ್ಲ. ಸೂತಕ."

"ಯಾರು ಸತ್ರು?"

"ನಮ್ಮ ಸೋದರಮಾವ."

"ಯಾವಾಗ?"

"ಐವತ್ತು ವರ್ಷ ಆಯ್ತು."

ದೋಣಿಯಲ್ಲಿ ನಮ್ಮ ಭಾಷೆ ಬಲ್ಲವರೆಲ್ಲ ಗೊಳ್ಳೆಂದು ನಕ್ಕರು. ನನ್ನ ಒಳಗಿದ್ದದ್ದೆಲ್ಲ ಆಗ ಉಕ್ಕಿ ಬಂತು. ತಿರುಗಿ ನಿಂತು ಕಿರುಚಿದೆ. "ನಗ್ರಿ! ನಿಮ್ಮ ಕಾಲ್ಕೆಳಗೇ ಇದಾನೆ, ನಗ್ರಿ! ಅಕ್ಕಿ ಹೊರೋಕೆ ಕರ್ಕೊಂಡ್ಹೋಗಿ ಸಾಯ್ಸಿದ್ರು. ಅವ್ನ ಹೆಸ್ರು ನೂಕಾಸ್! ಅವ್ನ ಜೊತೆ ಇದ್ದೋರ ಹೆಸ್ರೂ ಹೇಳ್ತೀನಿ, ಕೇಳಿ!" ನೀನು ಬರೆದು ಕಳಿಸಿದ ಎಲ್ಲ ಹೆಸರುಗಳನ್ನೂ ಕೂಗಿದೆ. ಪಾದ್ರಿ ಎದ್ದು ನಿಂತು ಶಿಲುಬೆಯ ಗುರುತು ಮಾಡಿಕೊಂಡ. ಮೊರಿತಾ ಪಕ್ಕದವನನ್ನು ಕೇಳಿ ತಿಳಿದುಕೊಂಡು ಟೋಪಿ ತೆಗೆದ. ತಂದಿದ್ದ ಹೂವಿನ ಚಕ್ರವನ್ನು ಕೋಲಿನ ಹೊರಗಡೆಯೇ ನೀರಿಗೆ ಇಳಿಸಿದ. ಒಬ್ಬರೂ ಒಳಗೆ ಬರಲಿಲ್ಲ.

ಈಗ ನನಗೆ ದೋಣಿ ಇಲ್ಲ. ಅಂಗಡಿಯ ಒಡೆಯ ಅವತ್ತೇ ಕೀಲಿಕೈ ಕಿತ್ತುಕೊಂಡ. ಮೊರಿತಾ ಬೇರೆ ಫಲಕ ಮಾಡಿಸಿ ಕಳಿಸುತ್ತೇನೆ ಎನ್ನುತ್ತಿದ್ದಾನೆ, ಅಮ್ಮನನ್ನು ಕೇಳಿ ತಿಳಿಸು.

ನಿನ್ನ ಮೇಲಿನ ಸಿಟ್ಟು ಇಳಿದಿದೆ ಅಂದುಕೊಳ್ಳಬೇಡ. ನಾನು ಮೆಲ್ಲಗೆ ಹೇಳಬೇಕೆಂದಿದ್ದದ್ದನ್ನು ಎಲ್ಲರೆದುರು ಕಿರುಚುವ ಹಾಗೆ ಮಾಡಿದೆ. ಮತ್ತೆ, ಕಲ್ಲು ತಾ ಎಂದು ಇನ್ನೊಂದು ಸಲ ಬರೆಯಬೇಡ. ದಿಬ್ಬ ಮುಚ್ಚಿದೆ. ನನಗೂ ಮುಚ್ಚಿದೆ.

ಆನ್ಸಿತೊ


ಊಮನ್
೬ ಮಾರ್ಚ್ ೧೯೯೪

ತಮ್ಮಾ,

ನಿನ್ನ ಕಿರುಚಾಟ ದಡದವರೆಗೂ ಕೇಳಿಸಿತು. ಅಮ್ಮ ತೆಂಗಿನ ಮರ ಹಿಡಿದು ನಿಂತಿದ್ದಳು. ಒಂದೊಂದು ಹೆಸರಿಗೂ "ಹೂಂ, ಹೂಂ" ಅನ್ನುತ್ತಿದ್ದಳು, ನೀನು ಯಾರನ್ನಾದರೂ ಬಿಟ್ಟುಬಿಟ್ಟೀಯೆಂದು ಕಾಯುವವಳ ಹಾಗೆ.

ಫಲಕ ಬೇಡವಂತೆ. "ಅವ್ರ ತಗಡಲ್ಲಿ ಅವ್ರವ್ರು ಇರ್ಲಿ, ಕೀಳೋದೂ ಬೇಡ. ಅವ್ರಿಗೂ ತಾಯಂದ್ರು ಇದ್ರು. ನಮ್ಮೋರಿಗೆ ಕೋಲು ಸಾಕು" ಅಂದಳು.

ಮಕ್ಕಳು ಡಬ್ಬಿಯ ಮೀನು ತಿಂದು ನನ್ನನ್ನು ಶಪಿಸುತ್ತಿದ್ದಾರೆ. ಶಪಿಸಲಿ. ನಿನ್ನ ಕೆಲಸ ಹೋದದ್ದಕ್ಕೆ ನನ್ನ ಹೊಟ್ಟೆ ಉರಿಯುತ್ತದೆ, ನಿನ್ನ ಮೇಲಲ್ಲ, ಆ ಒಡೆಯನ ಮೇಲೆ. ದೀವಿಹಲಸು ಮಾಗಿದೆ, ಒಂದು ಬುಟ್ಟಿ ಕಳಿಸಿದ್ದೇನೆ. ಕುಟ್ಟಿ ತಿನ್ನಿ.

ರುಫಿನಾ


ಊಮನ್
೨೦ ಫೆಬ್ರವರಿ ೧೯೯೫

ತಮ್ಮಾ,

ಮೊನ್ನೆ ದಿಬ್ಬ ತೆರೆದ ದಿನ ನೀನು ಬಲೆ ಎಳೆದು, ಮೀನು ಇಳಿಸಿ, ಸಂಜೆಯ ದೋಣಿಗೆ ಹೊರಟುಬಿಟ್ಟೆ. ನಾನು ಎಂದಿನಂತೆ ಬಗ್ಗಿ ನಿನ್ನೆದುರು ಹಾದುಹೋದೆ. ಬಗ್ಗಿದ್ದು ಸೊಂಟ ಮಾತ್ರ. ಆಮೇಲೆ ನಡೆದದ್ದು ನಿನಗೆ ಗೊತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲ ಮೀನು ಹಿರಿಯಳಿಗೆ ಹೋಗಬೇಕಲ್ಲ. ನೀವು ಅಮ್ಮನ ಮುಂದಿಟ್ಟ ಬುಟ್ಟಿಯಲ್ಲಿ ಮೇಲೇ ಇದ್ದದ್ದು ಗಿಳಿಮೀನು. ತೆಗೆಯಲು ಕೈ ಹಾಕಿದೆ. ಅಮ್ಮ ನನ್ನ ಕೈಗೆ ಹೊಡೆದಳು. "ಸುಡು" ಅಂದಳು.

ಸುಟ್ಟು ಎಲೆಯ ಮೇಲಿಟ್ಟೆ. ಮುಳ್ಳು ಬಿಡಿಸಿ ನಿಧಾನವಾಗಿ ತಿಂದಳು, ಇಡೀ ಮೀನನ್ನು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಲ್ಲಿ ಬೈಗುಳ.

"ರುಚಿ ಹಂಗೇ ಐತೆ, ಹಾಳಾದ್ದು. ಐವತ್ತು ವರ್ಷ ಇಂಥಾದ್ದನ್ನ ತಿನ್ನದಂಗೆ ಮಾಡಿದ್ರಲ್ಲ, ಆ ವಿಮಾನದೋರೂ ಈ ಹಡಗಿನೋರೂ. ಅವ್ರ ವಂಶಕ್ಕೆ ಗಂಟ್ಲಲ್ಲಿ ಮುಳ್ಳು ಸಿಕ್ಕೊಳ್ಲಿ!"

ಕೈ ತೊಳೆದುಕೊಂಡ ಮೇಲೆ ನಿನ್ನನ್ನು ಕೇಳಿದಳು. ಹೊಸ ಅಂಗಡಿಯವರು ಮತ್ತೆ ನಿನ್ನನ್ನು ಇಳಿಯಲು ಕರೆದಿದ್ದಾರೆ ಎಂದು ಹೇಳಿದೆ. ಹಾಗಾದರೆ ಒಂದು ಮಾತು ತಿಳಿಸು ಅಂದಳು. ಕಲ್ಲನ್ನು ನೀನು ಮೇಲೆ ತರಬೇಕಾಗಿಲ್ಲ. ಆದರೆ ಆ ಇಕ್ಕಟ್ಟಾದ ಜಾಗಕ್ಕೆ ಇನ್ನೊಂದು ಸಲ ಹೋಗಬೇಕಂತೆ. ಹೋಗಿ, ಗಾಳಿಯ ಕೊಳವೆ ಬಾಯಲ್ಲಿದ್ದರೂ ಸರಿ, ಮನಸ್ಸಿನಲ್ಲಾದರೂ ಸರಿ, ನೂಕಾಸ್ ಮಾವನಿಗೆ ಹೇಳಬೇಕಂತೆ: ಅವ್ವ ಅವತ್ತು ಸಿಟ್ಟಲ್ಲಿ ಅಂದದ್ದು, ಅದನ್ನು ಹಿಡಿದುಕೊಂಡು ಅಲ್ಲೇ ಕೂತಿರಬೇಡ. ಕಲ್ಲು ಅಲ್ಲೇ ಇರಲಿ. ಬರಿಗೈಯಲ್ಲೇ ಮನೆಗೆ ಬಾ.

ನಿನ್ನ ಅಕ್ಕ,
ರುಫಿನಾ